ಚಿಲಕದ ತೂತಿನ ಮಂಚ

ಮೆಲ್ಬರ್ನಿನಲ್ಲಿ ನನಗೊಂದು ಚಾಳಿ ಅಂಟಿದೆ. ನಗರಸಭೆಯವರು ದೊಡ್ಡ ಕಸ ಒಯ್ಯುವ ದಿನ ಹತ್ತಿರ ಬಂತೆಂದರೆ ಜನ ಸೋಫಾ, ಮೇಜು, ಕಪಾಟುಗಳನ್ನು ತಂದು ಮನೆಮುಂದಿನ ಹುಲ್ಲಿನ ಮೇಲಿಡುತ್ತಾರೆ. ಹಾರ್ಡ್ ರಬ್ಬಿಶ್ ಅಂತ ಅದಕ್ಕೆ ಹೆಸರು. ಕತ್ತಲಾದ ಮೇಲೆ ನಾನು ವಾಕಿಂಗ್ ಹೊರಡುತ್ತೇನೆ. ಹೀಗೆ ವಾಕಿಂಗ್ ಮಾಡಿ ಮಾಡಿಯೇ ಒಂದು ಡ್ರಾಯರು ಚಪ್ಪಲಿ ಗೂಡಾಯಿತು, ಒಂದು ತೊಟ್ಟಿಲು ದೇವರ ಮಂಟಪವಾಯಿತು. "ಯಾರದೋ ಮಗು ಉಚ್ಚೆ ಹುಯ್ದ ಜಾಗದಲ್ಲಿ ಗಣಪತಿ ಕೂರಿಸಿದ್ದೀರಿ" ಎಂದು ಹೆಂಡತಿ ಪ್ರತಿ ಚೌತಿಗೂ ನೆನಪಿಸುತ್ತಾಳೆ.

ಈ ಕೈಚಳಕದ ಗರ್ವ ಹೊತ್ತುಕೊಂಡೇ ಡಿಸೆಂಬರ್ ರಜೆಗೆ ಸೋಮವಾರಪೇಟೆಯ ಮನೆಗೆ ಬಂದೆ. ಅಟ್ಟದಲ್ಲಿ ಅಜ್ಜನ ಮಂಚ ಒರಗಿಕೊಂಡಿತ್ತು, ಒಂದು ಕಾಲಿಲ್ಲ. ಬೆಂಚು ಮಾಡಿಸ್ತೀನಿ ಅಂದೆ. ಅಮ್ಮ ಕಣದಲ್ಲಿ ಅರೇಬಿಕಾ ಹರಡುತ್ತಿದ್ದಳು. "ಮಾಡ್ಸಪ್ಪಾ. ಕುಯ್ಲಿನ ಹೊತ್ತಲ್ಲಿ ಆಚಾರಿ ಸಿಕ್ಕಿದ್ರೆ ನಿನ್ ಪುಣ್ಯ."

ಪುಣ್ಯವಿತ್ತು. ಆಚಾರಿ ಮಂಚವನ್ನು ಅಂಗಳಕ್ಕಿಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ, ಉಳಿಯಿಂದ ಒಂದಿಷ್ಟು ಕೆರೆದು ಮೂಗಿಗೆ ಹಿಡಿದರು. "ಬೀಟೆ." ಆಮೇಲೆ ತಲೆಹಲಗೆಯ ಅಂಚಿನ ತೂತಿಗೆ ತೋರುಬೆರಳು ತೂರಿಸಿದರು. ಆ ತೂತು ನನಗೆ ಹಳೇ ಪರಿಚಯ. ಅಜ್ಜನ ಪಕ್ಕ ಮಲಗಿ ಅದರೊಳಗೆ ಕಡ್ಲೆಕಾಯಿ ಸಿಪ್ಪೆ ತುರುಕಿದವನು ನಾನೇ. ಹುಳ ಕೊರೆದದ್ದು ಅಂದುಕೊಂಡಿದ್ದೆ.

"ಚಿಲಕದ ತೂತು ಇದು. ಇದು ಮಂಚ ಅಲ್ಲ ಸ್ವಾಮಿ, ಬಾಗಿಲು."

"ಹೂಂ, ಹಳೇ ಮನೇದು" ಎಂದು ಅಮ್ಮ ಕಣದಿಂದಲೇ ಕೂಗಿದಳು. "ಮಳೇಲಿ ಗೋಡೆ ಕೂತಾಗ ನಿಮ್ಮಜ್ಜ ಮಂಚ ಮಾಡ್ಸಿದ್ರು." ಪಕ್ಕದ ಹಲಗೆ ಭತ್ತದ ಪಣತದ್ದಂತೆ; ಗದ್ದೆಗೆ ಶುಂಠಿ ಇಳಿದ ಮೇಲೆ ಪಣತಕ್ಕೇನು ಕೆಲಸ? ಇರುವ ಮೂರು ಕಾಲಿನಲ್ಲಿ ಒಂದು ಚಿಕ್ಕಪ್ಪನ ತೊಟ್ಟಿಲಿನ ಕಂಬ. (ಇದನ್ನು ಕೇಳಿ ಹೆಂಡತಿ ನನ್ನ ಮುಖ ನೋಡಿದಳು.) ಮತ್ತೆ ನಾಲ್ಕನೇ ಕಾಲು?

"ಬಚ್ಚಲ ಬಾಗಿಲಿಗೆ ಒತ್ತು ಕೊಟ್ಟಿದೀವಲ್ಲ. ದಿನಾ ಎಡವ್ತೀಯಲ್ಲ, ಅದೇ."

ಇದಕ್ಕೆ ಅಪ್‌ಸೈಕ್ಲಿಂಗ್ ಅಂತಾರೆ ಅಜ್ಜಿ, ಎಂದು ಮಗಳು ತಿಳಿಹೇಳಿದಳು. "ಸೈಕಲ್ಲಾ? ಅದರ ಚಕ್ರ ಬಾವಿ ರಾಟೆಯಾಗಿ ಯಾವ ಕಾಲ ಆಯ್ತು!"

ಕೊಡಗಿನಲ್ಲಿ ಗಿಡಕ್ಕೂ ಸತ್ತ ಮೇಲೆ ಪುರಸೊತ್ತಿಲ್ಲ. ಫಸಲು ನಿಂತ ಮುದಿ ಕಾಫಿ ಗಿಡವನ್ನು ಬೇರುಸಮೇತ ಕಿತ್ತು, ಗಂಟುಗಂಟಾದ ಬೊಡ್ಡೆಗೆ ಪಾಲಿಶ್ ಹೊಡೆದು ಮೇಲೊಂದು ಗಾಜು ಕೂರಿಸಿದರೆ ಟೀಪಾಯಿ. ಆ ಪದ ಹಿಂದಿಯ 'ತಿಪಾಯಿ', ಮೂರು ಕಾಲಿನದು, ಟೀಗೂ ಅದಕ್ಕೂ ನಂಟಿಲ್ಲ ಎಂದು ಬಲ್ಲವರು ಹೇಳುತ್ತಾರೆ. ಹೇಳಲಿ. ಕಾಫಿ ಗಿಡದ ಮೇಲೆ ಕಾಫಿ ಲೋಟ ಇಟ್ಟು ಟೀಪಾಯಿ ಅನ್ನುವುದು ನನ್ನ ನಾಲಿಗೆಗೆ ಒಗ್ಗುವುದಿಲ್ಲ.

ಬೆಂಚು ಚೆನ್ನಾಗಿಯೇ ಬಂತು. ಅರಗಿನ ಪಾಲಿಶ್ ಬಿದ್ದ ಮೇಲೆ ನೇರಳೆ ಗೆರೆಗಳು ಎದ್ದು ಕಂಡವು. ಮೆಲ್ಬರ್ನಿಗೆ ಒಯ್ಯುವ ದುರಾಸೆ ಹುಟ್ಟಿದ್ದು ಆಗ. ವಿಚಾರಿಸಿದರೆ, ಬೀಟೆಯ ಇಡೀ ಡಾಲ್ಬರ್ಜಿಯಾ ಕುಲ 2017ರಿಂದ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ, ಗಡಿ ದಾಟಿಸಲು ಕಾಗದಪತ್ರ ಬೇಕು. ಸಿದ್ಧ ವಸ್ತುವಾದರೆ ಆ ಪಟ್ಟಿಯಲ್ಲಿ 10 ಕೆಜಿವರೆಗೆ ವಿನಾಯಿತಿ ಉಂಟು. ಕಾಫಿ ಮೂಟೆ ತೂಗುವ ತಕ್ಕಡಿಗೆ ಏರಿಸಿದೆವು: 28 ಕೆಜಿ. "ಮೂರು ತುಂಡು ಮಾಡಿ ಮೂರು ವರ್ಷ ತಗೊಂಡ್ಹೋಗು" ಅಂದಳು ಅಮ್ಮ. ತುಂಡು ಮಾಡಿದರೂ ಆಸ್ಟ್ರೇಲಿಯದ ಗಡಿಯಲ್ಲಿ ಮರದೊಳಗಿನ ಹುಳಕ್ಕೆ ಹೆದರುವಷ್ಟು ಕಳ್ಳರಿಗೂ ಹೆದರುವುದಿಲ್ಲ. ಈ ತೂತು ಹುಳದ್ದಲ್ಲ ಮಾರಾಯ, ಚಿಲಕದ್ದು ಎಂದು ಅಲ್ಲಿನ ಅಧಿಕಾರಿಗೆ ಯಾವ ಇಂಗ್ಲಿಷಿನಲ್ಲಿ ಹೇಳಲಿ?

ಬೆಂಚು ಜಗಲಿಯಲ್ಲೇ ಉಳಿಯಿತು. ನಾವು ಹೊರಡುವ ಹೊತ್ತಿಗೆ ಅದರ ಮೇಲೆ ಮೊರ ಇಟ್ಟು ಮೆಣಸು ಒಣಗಿಸುತ್ತಿದ್ದರು, ನನಗೆ ಕೂರಲು ಜಾಗವಿರಲಿಲ್ಲ.

ಜೂನಿನಲ್ಲಿ ಅಮ್ಮನಿಂದ ವಾಟ್ಸಾಪಿಗೆ ಒಂದು ಫೋಟೊ ಬಂತು. ಸುರಿಯುವ ಮಳೆ, ಹಿತ್ತಿಲ ಕೋಳಿಗೂಡು, ಗೂಡಿಗೆ ಫಳಫಳ ಹೊಳೆಯುವ ಬೀಟೆ ಬಾಗಿಲು. ಕೆಳಗೆ ಧ್ವನಿ ಸಂದೇಶ: "ಕಾಡುಬೆಕ್ಕಿನ ಕಾಟ ಕಣೋ. ಚಿಲಕದ ತೂತು ಹೇಗೂ ಇತ್ತಲ್ಲ."