ಜಿಲ್ಲೆ ಮಾತ್ರ ಪೆನ್ಸಿಲಿನಲ್ಲಿ

ಪ್ರವಾಸದ ದಿನಚರಿಗೆ ಅಂಗಡಿಯ ಪುಸ್ತಕ ಕೊಳ್ಳಬಾರದೆಂಬುದು ನನ್ನ ಹಟ. ಬೇಸಿಗೆ ರಜೆ ಬಂತೆಂದರೆ ಹಳೇ ನೋಟುಬುಕ್ಕುಗಳಲ್ಲಿ ಉಳಿದ ಖಾಲಿ ಹಾಳೆ ಕಿತ್ತು, ದಬ್ಬಣದಲ್ಲಿ ತೂತು ಹೊಡೆದು, ದಾರ ಪೋಣಿಸಿ ರಫ್ ನೋಟು ಮಾಡಿಕೊಂಡು ಬೆಳೆದವರು ನಾವು. ಒಂದು ಹಾಳೆಗೆ ಗೆರೆ, ಇನ್ನೊಂದಕ್ಕೆ ಚೌಕ, ಮತ್ತೊಂದರ ಮೂಲೆಯಲ್ಲಿ ಮೇಷ್ಟರ ಕೆಂಪು ಶಾಯಿ. ಅಂಥ ಪುಸ್ತಕಕ್ಕೆ ನಾವು ಬರೆಯುವ ಮುಂಚೆಯೇ ಒಂದಿಷ್ಟು ಇತಿಹಾಸ ಇರುತ್ತದೆ.

ಕೆಲಸವೇನೂ ದೊಡ್ಡದಲ್ಲ. ಹಾಳೆಗಳನ್ನು ಮಡಚಿ ಕಂತೆ ಮಾಡಿ, ಮಡಿಕೆಯಲ್ಲಿ ಹೊಲಿದು, ಬೆನ್ನಿಗೆ ಬಟ್ಟೆಯ ಪಟ್ಟಿ ಅಂಟಿಸಿದರಾಯಿತು. ಅಂಟಿಗೆ ಮೈದಾ ಗಂಜಿ. ಹುಳ ಹಿಡಿಯದಿರಲೆಂದು ಬೈಂಡಿಂಗಿನವರು ಅದಕ್ಕೆ ಮೈಲುತುತ್ತ ಬೆರೆಸುತ್ತಾರೆ. ರಟ್ಟಿಗೆ ಲಗ್ನಪತ್ರಿಕೆಯಷ್ಟು ಒಳ್ಳೆಯ ಸಾಮಾನು ಇನ್ನೊಂದಿಲ್ಲ. ನಾಲ್ಕನ್ನು ಒಂದರ ಮೇಲೊಂದು ಅಂಟಿಸಿ ರಾತ್ರಿಯಿಡೀ ಒಳಕಲ್ಲಿನ ಗುಂಡಿನ ಅಡಿ ಇಟ್ಟರೆ ಹಲಗೆಯೇ. ನನ್ನದರ ಒಳಬದಿಯಲ್ಲಿ ಈಗಲೂ ಯಾರದೋ ಸೋದರಮಾವಂದಿರ ಹೆಸರು ಸಾಲಾಗಿ ಓದಬಹುದು.

ಇನ್ನು ಅಲಂಕಾರ. ನಮ್ಮ ವಿಜಯನಗರ ಜಿಲ್ಲೆಯ ಪಕ್ಕದ ಸಂಡೂರಿನ ಲಂಬಾಣಿ ಕಸೂತಿಗೆ 2010ರಲ್ಲಿ ಜಿಐ ಮನ್ನಣೆ ಸಿಕ್ಕಿತು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ ಕಡೆಯ ತಾಂಡಾಗಳ ಅಜ್ಜಿಯರು ಅದಕ್ಕೆ ಕಾದು ಕೂತಿರಲಿಲ್ಲ ಬಿಡಿ. ಕನ್ನಡಿ, ಕವಡೆ ಕೂಡಿಸಿದ ಹಳೇ ಕಸೂತಿ ಬಟ್ಟೆಯ ತುಂಡೊಂದು ಸಿಕ್ಕರೆ ಮುಖಪುಟಕ್ಕೆ ಬೇರೆ ಚಿತ್ರ ಬೇಡ. ಕವಡೆಯಿಂದಾಗಿ ಪುಸ್ತಕ ಮೇಜಿನ ಮೇಲೆ ಸಮನಾಗಿ ಕೂರುವುದಿಲ್ಲ. ಬಸ್ಸಿನಲ್ಲಿ ಹೊರತೆಗೆದರೆ ಕನ್ನಡಿಯ ಬೆಳಕು ಕಂಡಕ್ಟರರ ಮೂಗಿನ ಮೇಲೆ ಕುಣಿಯುತ್ತದೆ. ಹಡಗಲಿ ಮಲ್ಲಿಗೆಯನ್ನು ಒತ್ತಿ ಅಂಟಿಸುವ ಆಸೆ ಮಾತ್ರ ಬೇಡ. ಮುಡಿಯಲ್ಲಿ ಮೆರೆಯುವ ಹೂವು ರಟ್ಟಿನ ಮೇಲೆ ಚಹಾಪುಡಿಯಂತೆ ಕಾಣುತ್ತದೆ.

ಎಲ್ಲಕ್ಕಿಂತ ಫಜೀತಿಯದು ಹೆಸರಿನ ಚೀಟಿ. ಹೆಸರು, ಊರು, ತಾಲ್ಲೂಕು ಶಾಯಿಯಲ್ಲಿ ಬರೆಯಬಹುದು. ಜಿಲ್ಲೆಯನ್ನು ಪೆನ್ಸಿಲಿನಲ್ಲಿ ಬರೆಯುವುದು ಕ್ಷೇಮ. ಹರಪನಹಳ್ಳಿಯನ್ನೇ ನೋಡಿ. ಬಳ್ಳಾರಿಯಲ್ಲಿದ್ದದ್ದು 1997ರಲ್ಲಿ ದಾವಣಗೆರೆಗೆ ಹೋಯಿತು, 2018ರಲ್ಲಿ ಬಳ್ಳಾರಿಗೆ ಮರಳಿತು, 2021ರಲ್ಲಿ ವಿಜಯನಗರಕ್ಕೆ ಬಂತು. ಊರು ಕೂತಲ್ಲಿಂದ ಅಲ್ಲಾಡಿಲ್ಲ, ಸುತ್ತಾಟದಲ್ಲಿ ಮಾತ್ರ ನಮ್ಮನ್ನೆಲ್ಲ ಮೀರಿಸಿದೆ. 1913ರಲ್ಲಿ ಹಾಸ್ಯಸಾಹಿತಿ ಬೀಚಿ ಹುಟ್ಟಿದ್ದು ಇದೇ ಊರಿನಲ್ಲಿ. ಈ ಅಲೆದಾಟ ಅವರ ಕೈಗೆ ಸಿಕ್ಕಿದ್ದರೆ ಅವರ ಪಾತ್ರ ತಿಂಮ ಸುಮ್ಮನಿರುತ್ತಿದ್ದನೇ? ಕೊಟ್ಟೂರಿನವರ ಕಥೆಯೂ ಅಷ್ಟೆ. ಕೂಡ್ಲಿಗಿಯಿಂದ ಬೇರೆಯಾಗಿ ತಾಲ್ಲೂಕಾದ ಮೇಲೆ ಅವರು ತಾಲ್ಲೂಕನ್ನೂ ಅಳಿಸಿ ಬರೆಯಬೇಕಾಯಿತು.

ಆ ಕೊಟ್ಟೂರಿನಲ್ಲಿ ಮಿರ್ಚಿ–ಮಂಡಕ್ಕಿ ತಿನ್ನದೆ ಬಂದವರುಂಟೆ? ಕೊಟ್ಟೂರೇಶ್ವರನ ದರ್ಶನ ಮುಗಿಸಿ, ಮಂಡಕ್ಕಿಯ ಪೊಟ್ಟಣದ ಪಕ್ಕ ಪುಸ್ತಕ ಇಟ್ಟುಕೊಂಡರೆ ಹಿಂಬದಿಯ ರಟ್ಟಿಗೆ ತಾನಾಗಿಯೇ ಒಂದು ಎಣ್ಣೆಯ ಹೂವು ಮೂಡುತ್ತದೆ. ನನ್ನ ಮಟ್ಟಿಗೆ ಕಸೂತಿಗಿಂತ ಆ ಕಲೆಯೇ ಸಾಚಾ ಅಲಂಕಾರ. ಹೋಗಿ ಬಂದದ್ದಕ್ಕೆ ಅದಕ್ಕಿಂತ ಬೇರೆ ಪುರಾವೆ ಬೇಕೆ?

ಹಂಪಿಯನ್ನು ಹೊರಗೆ ನೋಡು, ಉಜ್ಜಿನಿಯನ್ನು ಒಳಗೆ ನೋಡು ಎಂಬ ಮಾತು ಈ ಸೀಮೆಯಲ್ಲಿ ಹಳತು. ಉಜ್ಜಿನಿಯ ಮರುಳಸಿದ್ಧೇಶ್ವರ ದೇವಾಲಯದ ಒಳಗಿನ ಕೆತ್ತನೆ ಕಂಡವರು ಅದನ್ನು ಒಪ್ಪುತ್ತಾರೆ. ನನ್ನ ಪುಸ್ತಕ ನೋಡಿದವರೆಲ್ಲ ಇದು ಹಂಪಿಯ ಪಂಗಡ ಎಂದು ಹೊರಗಿನಿಂದಲೇ ನೋಡಿ ಹಿಂದಿರುಗಿಸುತ್ತಾರೆ.

ಒಳಗೆ ಏನು ಬರೆಯಬೇಕೆಂಬುದಕ್ಕೆ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಮಾದರಿ ಉಂಟು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾನೆ. ಅಷ್ಟು ಜನವೂ ಗಪ್‌ಚಿಪ್. ಒಂದೇ ಸಾಲಿನ ಕಾರಣಿಕ, ಅಂದರೆ ಭವಿಷ್ಯವಾಣಿ, ನುಡಿದು ಮೇಲಿನಿಂದ ಕೆಳಕ್ಕೆ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಒಂದು ಸಾಲಿಗೆ ಮಳೆಯವರು ಮಳೆಯ ಅರ್ಥ, ರಾಜಕೀಯದವರು ಕುರ್ಚಿಯ ಅರ್ಥ ಹಚ್ಚಿ ವರ್ಷವಿಡೀ ಜಗಳಾಡುತ್ತಾರೆ. ನಾನು ಪುಟಗಟ್ಟಲೆ ಬರೆದದ್ದಕ್ಕೆ ಈವರೆಗೆ ಒಬ್ಬರೂ ತಕರಾರು ತೆಗೆದಿಲ್ಲ. ಮುಂದಿನ ಪುಸ್ತಕಕ್ಕೆ ಹಾಳೆ ಕಡಿಮೆ ಸಾಕೆಂದು ಮನೆಯಲ್ಲಿ ತೀರ್ಮಾನವಾಗಿದೆ. ರಟ್ಟಿಗೆ ಯಾರ ಮದುವೆಯ ಪತ್ರಿಕೆ ಎಂಬುದರ ಮಾತುಕತೆ ಇನ್ನೂ ನಡೆದಿದೆ.