ಅನುಮೋದಕರಿಲ್ಲದ ನಾಯಕರಿಗೊಂದು ಬಹಿರಂಗ ಪತ್ರ

ಮ್ಯಾಂಚೆಸ್ಟರ್,
9 ಮೇ 2016

ಶ್ರೀ ಜಾನ್ ಲೀಚ್ ಅವರಿಗೆ,
ಮ್ಯಾಂಚೆಸ್ಟರ್ ನಗರ ಪಾಲಿಕೆಯ ವಿರೋಧ ಪಕ್ಷದ ನಾಯಕರು, ಉಪನಾಯಕರು, ಮುಖ್ಯ ಸಚೇತಕರು ಹಾಗೂ ಸಮಸ್ತ ಸದಸ್ಯರು.

ಮಾನ್ಯರೇ,

ಮೊದಲು ಅಭಿನಂದನೆ ಹೇಳಿಬಿಡುತ್ತೇನೆ. ಕಳೆದ ಗುರುವಾರದ ಚುನಾವಣೆಯಲ್ಲಿ ನೀವು ಡಿಡ್ಸ್‌ಬರಿ ವೆಸ್ಟ್ ವಾರ್ಡಿನಿಂದ ಗೆದ್ದಿರಿ. 96 ಸ್ಥಾನಗಳ ಪಾಲಿಕೆಯಲ್ಲಿ ಈಗ ಲೇಬರ್ ಪಕ್ಷ 95, ಲಿಬರಲ್ ಡೆಮಾಕ್ರಾಟ್ 1. ಆ ಒಂದು ನೀವು. ಮೊನ್ನೆ ಸೋಮವಾರ ಲೆಸ್ಟರ್ ಸಿಟಿ ತಂಡ ಪ್ರೀಮಿಯರ್ ಲೀಗ್ ಗೆದ್ದಾಗ, ಐದು ಸಾವಿರಕ್ಕೆ ಒಂದರ ಬಾಜಿ ಗೆದ್ದಿತೆಂದು ದೇಶವೆಲ್ಲ ಕುಣಿಯಿತು. ಅದೇ ವಾರ ಗೆದ್ದ ನಿಮಗೆ ಮೆರವಣಿಗೆಯಿಲ್ಲ, ಪಟಾಕಿಯಿಲ್ಲ. ಪಕ್ಷದ ಸದಸ್ಯರೆಲ್ಲ ಸೇರಿ ಸಿಹಿ ಹಂಚಿಕೊಂಡಿದ್ದರೂ ಒಂದು ಪೇಡೆಯಲ್ಲಿ ಮುಗಿಯುತ್ತಿತ್ತು.

ಈ ಪತ್ರ ನಿಮಗೆ ಓದಲು ಬಾರದ ಭಾಷೆಯಲ್ಲಿದೆ. ಅದರಿಂದ ನಷ್ಟವೇನಿಲ್ಲ. ನಮ್ಮೂರಿನಲ್ಲೂ ಬಹಿರಂಗ ಪತ್ರವನ್ನು ಊರೆಲ್ಲ ಓದುತ್ತದೆ, ವಿಳಾಸದವರು ಮಾತ್ರ ಓದುವುದಿಲ್ಲ.

ನಾನು ದಾವಣಗೆರೆಯವನು. ನಮ್ಮೂರಿಗೆ ಒಂದು ಕಾಲದಲ್ಲಿ 'ಕರ್ನಾಟಕದ ಮ್ಯಾಂಚೆಸ್ಟರ್' ಎಂದು ಹೆಸರಿತ್ತು. ಶಾಲೆಯಲ್ಲಿ ಮೇಷ್ಟ್ರು ಆ ಮಾತು ಹೇಳುವಾಗ, ಎಲ್ಲೋ ದೂರದಲ್ಲಿ 'ಇಂಗ್ಲೆಂಡಿನ ದಾವಣಗೆರೆ' ಅನ್ನಿಸಿಕೊಳ್ಳುವ ಊರೊಂದು ನಮ್ಮನ್ನು ನೆನೆಯುತ್ತಿರುತ್ತದೆ ಎಂದು ನಂಬಿದ್ದೆ. ಬಂದು ನೋಡಿದರೆ ಇಲ್ಲಿಯವರಿಗೆ ನಮ್ಮ ಹೆಸರೂ ಗೊತ್ತಿಲ್ಲ. ಆದರೂ ಹೋಲಿಕೆ ಸುಳ್ಳಲ್ಲ. ನಮ್ಮ ಗಿರಣಿಗಳು ಬಾಗಿಲು ಹಾಕಿದವು, ಊರು ಬೆಣ್ಣೆ ದೋಸೆಯ ಹೆಸರಲ್ಲಿ ಉಳಿಯಿತು. ನಿಮ್ಮ ಗಿರಣಿಗಳು ಬಾಗಿಲು ಹಾಕಿದವು, ಕಟ್ಟಡಗಳು ಫ್ಲ್ಯಾಟುಗಳಾಗಿ ಉಳಿದವು.

ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವನು ನಿಮ್ಮ ಚುನಾವಣೆಯ ಬಗ್ಗೆ ಬರೆಯುವುದೇನು ಎಂದು ಕೇಳಬಹುದು. ಕಾಮನ್‌ವೆಲ್ತ್ ದೇಶದವರು ಇಲ್ಲಿ ವಾಸಕ್ಕೆ ಅನುಮತಿ ಪಡೆದು ನೆಲೆಸಿದ್ದರೆ ಓಟು ಹಾಕಬಹುದು. ಪಾಲಿಕೆಗಷ್ಟೇ ಅಲ್ಲ, ಪಾರ್ಲಿಮೆಂಟಿಗೂ ಹಾಕಬಹುದು. ಮುಂದಿನ ತಿಂಗಳು 23ಕ್ಕೆ ಯುರೋಪ್ ಒಕ್ಕೂಟದಲ್ಲಿ ಇರಬೇಕೋ ಬಿಡಬೇಕೋ ಎಂಬ ಜನಮತವಿದೆಯಲ್ಲ, ಅದಕ್ಕೂ ಹಾಕಬಹುದು. ಮೂವತ್ತು ವರ್ಷ ಇಲ್ಲೇ ಬೇಯಿಸಿ ಬಡಿಸಿದ ಫ್ರಾನ್ಸಿನ ಪೌರನಿಗೆ ಆ ಜನಮತದಲ್ಲಿ ಓಟಿಲ್ಲ, ದಾವಣಗೆರೆಯ ನನಗಿದೆ. ಆಳಿಸಿಕೊಂಡಿದ್ದಕ್ಕೆ ಸಿಕ್ಕ ಪಿಂಚಣಿ ಎಂದುಕೊಂಡಿದ್ದೇನೆ.

ಮೊದಲ ಸಲ ಮತಗಟ್ಟೆಗೆ ಹೋದಾಗ ಎರಡು ಸಲ ಬೆಪ್ಪಾದೆ. ಒಳಗೆ ಕೂತಿದ್ದಾಕೆ ಹೆಸರು, ವಿಳಾಸ ಕೇಳಿದರು, ಚೀಟಿ ಕೊಟ್ಟರು. ಗುರುತಿನ ಚೀಟಿ ಕೇಳಲೇ ಇಲ್ಲ. ನಾನು ಜೇಬಿನಿಂದ ತೆಗೆದ ಪಾಸ್‌ಪೋರ್ಟ್ ಹಾಗೇ ಕೈಯಲ್ಲಿ ಉಳಿಯಿತು. ಮರೆಯೊಳಗೆ ಹೋದರೆ ದಾರ ಕಟ್ಟಿದ ಒಂದು ಪೆನ್ಸಿಲ್. ಪೆನ್ಸಿಲ್ಲು! ಹೊರಗೆ ಬರುವಾಗ ಅಭ್ಯಾಸಬಲದಿಂದ ಎಡಗೈ ತೋರುಬೆರಳು ಚಾಚಿ ನಿಂತೆ. ಆಕೆ ಬೆರಳನ್ನೂ ನನ್ನನ್ನೂ ನೋಡಿ, ಗಾಯವಾಗಿದೆಯೇ ಎಂದು ಕೇಳಿದರು. ಮೈಸೂರಿನ ಕಾರ್ಖಾನೆಯಲ್ಲಿ ತಯಾರಾಗುವ ಅಳಿಸದ ಶಾಯಿ ಮೆತ್ತಿಸಿಕೊಂಡೇ ಬೆಳೆದವನು ನಾನು. ಇಲ್ಲಿ ಪ್ರಜಾಪ್ರಭುತ್ವ ಪೂರ್ತಿ ನಂಬಿಕೆಯ ಮೇಲೆ, ರಬ್ಬರಿನಿಂದ ಅಳಿಸಬಹುದಾದ ಪೆನ್ಸಿಲ್ಲಿನಲ್ಲಿ ನಡೆಯುತ್ತದೆ. ಆದರೆ ಫಲಿತಾಂಶವನ್ನು ಅಳಿಸಲು ಯಾರಿಂದಲೂ ಆಗಿಲ್ಲ. 1971ರಿಂದ ಈ ಪಾಲಿಕೆ ಲೇಬರ್ ಪಕ್ಷದ ಕೈಯಲ್ಲೇ ಇದೆ.

ನಿಮ್ಮ ಪಕ್ಷಕ್ಕೆ ಇಲ್ಲಿ ಬಲವೇ ಇರಲಿಲ್ಲ ಎಂದಲ್ಲ. ಆರು ವರ್ಷದ ಹಿಂದೆ ಸಭೆಯ ಮೂರನೆಯ ಒಂದರಷ್ಟು ಕುರ್ಚಿ ನಿಮ್ಮವರದೇ. 2010ರಲ್ಲಿ ನಿಮ್ಮವರು ಲಂಡನ್ನಿಗೆ ಹೋಗಿ ಕನ್ಸರ್ವೇಟಿವ್ ಪಕ್ಷದ ಜೊತೆ ಕೂಡಿಕೆ ಮಾಡಿಕೊಂಡರು. ಏರಿಸುವುದಿಲ್ಲ ಎಂದು ಸಹಿ ಹಾಕಿಕೊಟ್ಟಿದ್ದ ಕಾಲೇಜು ಫೀಯನ್ನು 9,000 ಪೌಂಡಿನವರೆಗೆ ಏರಿಸಲು ಕೈಯೆತ್ತಿದರು. ವಿದ್ಯಾರ್ಥಿಗಳೇ ತುಂಬಿದ ಊರು ಇದು. 2011, 2012, 2014: ಪಾಲಿಕೆ ಚುನಾವಣೆ ಬಂದಾಗಲೆಲ್ಲ ನಿಮ್ಮವರು ಒಬ್ಬೊಬ್ಬರಾಗಿ ಮನೆಗೆ ನಡೆದರು. ಸಭಾಂಗಣದಲ್ಲಿ ಲೇಬರ್ ಎಂಬ ಹೆಸರಿಲ್ಲದ ಪಕ್ಷದವರು ಒಬ್ಬರೂ ಉಳಿಯಲಿಲ್ಲ.

ತಮಾಷೆ ಎಂದರೆ, ಆಗ ಇಲ್ಲಿಯ ವಿದಿಂಗ್ಟನ್ ಕ್ಷೇತ್ರದ ಎಂಪಿ ಆಗಿದ್ದ ನೀವು ನಿಮ್ಮ ಪಕ್ಷದ ಮಾತು ಮೀರಿ ಫೀ ಏರಿಕೆಯ ವಿರುದ್ಧ ಓಟು ಹಾಕಿದ್ದಿರಿ. ಕಳೆದ ವರ್ಷ ಜನ ನಿಮ್ಮನ್ನೂ ಸೋಲಿಸಿದರು. ಕೊಟ್ಟಿಗೆಗೆ ಬೆಂಕಿ ಬಿದ್ದಾಗ ಯಾವ ಹಸು ಹಾಲು ಕೊಡುತ್ತಿತ್ತು ಎಂದು ಬೆಂಕಿ ವಿಚಾರಿಸುವುದಿಲ್ಲ. ಹತ್ತು ವರ್ಷ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಕೂತವರು ಈಗ ವಾರ್ಡಿನ ಕಾರ್ಪೊರೇಟರ್. ನಮ್ಮ ಕಡೆ ಮಾಜಿ ಎಂಪಿಗಳು ನಿಗಮ ಮಂಡಳಿ ಕೇಳುತ್ತಾರೆ, ರಾಜ್ಯಪಾಲರಾಗಲು ದಿಲ್ಲಿಗೆ ಓಡಾಡುತ್ತಾರೆ. ವಾರ್ಡಿನ ಚರಂಡಿಗೆ ಹಿಂತಿರುಗಿದ ಮಾಜಿ ಎಂಪಿಯನ್ನು ನಾನು ನೋಡಿದ್ದು ಇದೇ ಮೊದಲು.

ಇನ್ನು ನಿಮ್ಮ ಸಂಸಾರದ ಕಷ್ಟಕ್ಕೆ ಬರುತ್ತೇನೆ. ಸಭೆಯಲ್ಲಿ ಗೊತ್ತುವಳಿ ಮಂಡಿಸಬೇಕಾದರೆ ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಸೂಚಕರಾಗಿ ನೀವು ಎದ್ದು ನಿಂತಿರಿ ಎಂದುಕೊಳ್ಳೋಣ. ಅನುಮೋದಿಸುವವರು ಯಾರು? ಎಡಕ್ಕೆ ಲೇಬರ್, ಬಲಕ್ಕೂ ಲೇಬರ್. ಸಮಿತಿಗಳಲ್ಲಿ ಪಕ್ಷಗಳ ಬಲಕ್ಕೆ ತಕ್ಕ ಹಾಗೆ ಕುರ್ಚಿ ಹಂಚಬೇಕೆಂದು ಇಲ್ಲಿಯ ಕಾನೂನಿದೆ. ಆದರೆ ಆ ಹಂಚಿಕೆ ಇರುವುದು 'ಗುಂಪು'ಗಳಿಗೆ. ಗುಂಪು ಅನ್ನಿಸಿಕೊಳ್ಳಲು ಕಡಿಮೆಯೆಂದರೆ ಇಬ್ಬರು ಬೇಕು. ಅಂದರೆ ನೀವು ನಾಯಕರು ಹೌದು, ಗುಂಪು ಅಲ್ಲ. ಪಂಕ್ತಿಯಲ್ಲಿ ಕೂತಿದ್ದೀರಿ, ಎಲೆ ಹಾಕಬೇಕೋ ಬೇಡವೋ ಎಂದು ಬಡಿಸುವವರು ಶಾಸ್ತ್ರ ನೋಡುತ್ತಿದ್ದಾರೆ.

ಆಡಳಿತ ನಡೆಸುವುದು ಕಾರ್ಯಕಾರಿ ಮಂಡಳಿ, ಅದರ ತಪ್ಪು ಹುಡುಕುವುದು ಪರಿಶೀಲನಾ ಸಮಿತಿ ಎಂದು ಇಲ್ಲಿಯ ಏರ್ಪಾಡು. ಆಲೋಚನೆ ಚೆನ್ನಾಗಿದೆ. ಆದರೆ ತಪ್ಪು ಮಾಡುವವರೂ ತಪ್ಪು ಹುಡುಕುವವರೂ ಒಂದೇ ಪಕ್ಷದವರಾದರೆ, ಸೊಸೆಯ ಅಡುಗೆಗೆ ಅತ್ತೆ ಉಪ್ಪು ನೋಡಿದ ಹಾಗಲ್ಲ, ಸೊಸೆಯೇ ನಾಲಿಗೆಗೆ ಹಚ್ಚಿಕೊಂಡು "ಸರಿಯಾಗಿದೆ" ಎಂದ ಹಾಗೆ.

ಇದೆಲ್ಲ ಲೇಬರ್ ಪಕ್ಷದವರ ಮೋಸವಲ್ಲ. ಅವರು ನ್ಯಾಯವಾಗಿಯೇ ಗೆದ್ದವರು. ಪ್ರತಿ ವಾರ್ಡಿನಲ್ಲೂ ಎಲ್ಲರಿಗಿಂತ ಹೆಚ್ಚು ಓಟು ಬಂದವರು ಗೆದ್ದರು, ಲೆಕ್ಕ ಮುಗಿಯಿತು. ಹಸಿರು ಪಕ್ಷಕ್ಕೆ, ಕನ್ಸರ್ವೇಟಿವ್ ಪಕ್ಷಕ್ಕೆ, ನಿಮಗೆ ಬಿದ್ದ ಸಾವಿರಾರು ಓಟುಗಳು 32 ವಾರ್ಡುಗಳಲ್ಲಿ ಚೆಲ್ಲಿಹೋಗಿ, ಒಂದು ಕಡೆ ಮಾತ್ರ ಬೊಗಸೆ ತುಂಬಿತು. ಪೋಲಾದ ಓಟು ಎಷ್ಟೆಂದು ಯಾರೂ ಕೇಳುವುದಿಲ್ಲ. ಮನೆಯಿಂದ ಹೊರಗೆ ಬಂದು ಓಟು ಹಾಕಿದವರೇ ಅರ್ಧಕ್ಕಿಂತ ಕಡಿಮೆ.

ಊರು ಹಾಳಾಗಿದೆ ಎಂದೂ ಹೇಳಲಾರೆ. ಪಾಲಿಕೆಯ ನಾಯಕರಾದ ಸರ್ ರಿಚರ್ಡ್ ಲೀಸ್ ಆ ಕುರ್ಚಿಯಲ್ಲಿ ಕೂತು ಇದೇ ತಿಂಗಳಿಗೆ ಇಪ್ಪತ್ತು ವರ್ಷ. ಕೂತ ಮರುತಿಂಗಳೇ, 1996ರ ಜೂನ್ 15ರಂದು, ಐರಿಷ್ ಬಂಡುಕೋರರ ಐಆರ್‌ಎ ಬಾಂಬು ಊರಿನ ನಡುಮಧ್ಯೆ ಸಿಡಿಯಿತು. ಆ ಅವಶೇಷದಿಂದ ಊರು ಎದ್ದು ನಿಂತಿತು, 2002ರಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ ನಡೆಸಿತು, ಡಿಡ್ಸ್‌ಬರಿವರೆಗೂ ಟ್ರಾಮ್ ಬಂತು. ಲೀಸ್, ಲೀಚ್: ನಿಮ್ಮಿಬ್ಬರ ಹೆಸರಿನಲ್ಲಿ ಒಂದಕ್ಷರದ ಅಂತರ, ಬಲದಲ್ಲಿ 94ರ ಅಂತರ. ಆದರೆ ಚೆನ್ನಾಗಿ ನಡೆಯುವ ಮನೆಗೇ "ಅದು ಯಾಕೆ ಹಾಗೆ?" ಎನ್ನುವವರೊಬ್ಬರು ಹೆಚ್ಚು ಬೇಕು. ಕೆಟ್ಟ ಮನೆಯಲ್ಲಿ ಆ ಪ್ರಶ್ನೆಯನ್ನು ಸಾಲ ಕೊಟ್ಟವನೇ ಬಂದು ಕೇಳುತ್ತಾನೆ. 2012ರಲ್ಲಿ ಈ ನಗರದ ಜನ, ನಮಗೆ ನೇರವಾಗಿ ಆರಿಸಿದ ಮೇಯರ್ ಬೇಡ ಎಂದು ಓಟು ಹಾಕಿದರು. ಈಗ ಸುತ್ತಲ ಹತ್ತು ಪಾಲಿಕೆಗಳಿಗೆ ಸೇರಿ ಒಬ್ಬ ಮೇಯರ್ ಬರುವ ವರ್ಷ ಬರುತ್ತಿದ್ದಾರೆ. ಒಂದು ಬೇಡ ಎಂದವರಿಗೆ ಇನ್ನೂ ದೊಡ್ಡದನ್ನು ಕೊಟ್ಟರು. ಇದು ಯಾಕೆ ಹೀಗೆ ಎಂದು ಸಭೆಯಲ್ಲಿ ಕೇಳುವವರು ಯಾರಿದ್ದರು, ನೀವಂತೂ ಇರಲಿಲ್ಲ.

ನಮ್ಮ ಕಡೆಯ ಒಂದು ಫಲಿತಾಂಶ ಹೇಳಿ ನಿಮಗೆ ಸಮಾಧಾನ ಮಾಡಬೇಕು. ಕಳೆದ ಆಗಸ್ಟಿನಲ್ಲಿ ಬೆಂಗಳೂರು ಮಹಾನಗರ ಪಾಲಿಕೆಯ 198 ವಾರ್ಡುಗಳಿಗೆ ಚುನಾವಣೆಯಾಯಿತು. ಬಿಜೆಪಿ 100, ಕಾಂಗ್ರೆಸ್ 76, ಜೆಡಿಎಸ್ 14. ಮೇಯರ್ ಕಾಂಗ್ರೆಸ್ಸಿನವರು! ಮೇಯರ್ ಆಯ್ಕೆಗೆ ಶಾಸಕರು, ಸಂಸದರೂ ಬಂದು ಕೈಯೆತ್ತುತ್ತಾರೆ, ಪಕ್ಷೇತರರು ನಡುವೆ ರೆಸಾರ್ಟ್ ನೋಡಿ ಬರುತ್ತಾರೆ. ನಮ್ಮಲ್ಲಿ ವಿರೋಧ ಪಕ್ಷಕ್ಕೆ ಬರವೇ ಇಲ್ಲ, ಗೆದ್ದವರೇ ವಿರೋಧ ಪಕ್ಷ. ನಿಮ್ಮ ಭಾಗ್ಯ ನೋಡಿ: ನಿಮ್ಮ ಓಟು ಯಾರಿಗೂ ಬೇಕಾಗಿಲ್ಲ, ಆದ್ದರಿಂದ ನಿಮ್ಮನ್ನು ಯಾರೂ ರೆಸಾರ್ಟಿಗೆ ಒಯ್ಯುವುದಿಲ್ಲ. ಪಕ್ಷಾಂತರದ ಭಯವೂ ಇಲ್ಲ. ನೀವೊಬ್ಬರು ಹಾರಿದರೆ ಇಡೀ ಪಕ್ಷವೇ ವಿಲೀನವಾದ ಹಾಗೆ.

ತಪ್ಪು ತಿಳಿಯದಿದ್ದರೆ ನಿಮ್ಮ ಹೆಸರಿನ ಬಗ್ಗೆ ಒಂದು ಮಾತು. ಅಮ್ಮನ ತವರು ತೀರ್ಥಹಳ್ಳಿ ಕಡೆ. ಮಳೆಗಾಲದಲ್ಲಿ ಅಜ್ಜನ ತೋಟಕ್ಕೆ ಹೋದರೆ ಕಾಲಿಗೆ ಜಿಗಣೆ. ನಿಮ್ಮ ಹೆಸರನ್ನು ಕನ್ನಡಕ್ಕೆ ತಂದರೆ ಅದೇ. ಎಂಥ ಗಟ್ಟಿ ಆಳಾದರೂ ಒಂದು ಜಿಗಣೆ ಹಿಡಿಯಿತೆಂದರೆ ನಿಂತು, ಬಗ್ಗಿ, ತನ್ನ ಕಾಲನ್ನು ತಾನೇ ನೋಡಿಕೊಳ್ಳಬೇಕು. ಬಿಡಿಸಲು ಸುಣ್ಣವೋ ಹೊಗೆಸೊಪ್ಪೋ ಬೇಕು. ಹಳೇ ಪಂಡಿತರು ಕೆಟ್ಟ ರಕ್ತ ತೆಗೆಯಲು ಜಿಗಣೆಯನ್ನೇ ಕಚ್ಚಿಸುತ್ತಿದ್ದರಂತೆ. 95 ಜನರ ಮೈಗೆ ಒಂದು ಜಿಗಣೆ ಸಾಕೇ ಎಂದರೆ, ಸಾಲದು. ಆದರೆ ಅದು ಬಿಡದೆ ಕಚ್ಚಬೇಕು. ಸುಣ್ಣದ ಡಬ್ಬಿ ಎದುರಿನವರ ಕೈಯಲ್ಲಿದೆ, ಅದರ ಮೇಲೆ 'ಸಭಾ ನಿಯಮಾವಳಿ' ಎಂದು ಬರೆದಿದೆ. ಸಲಿಂಗಕಾಮದ ಆರೋಪದಲ್ಲಿ ಶಿಕ್ಷೆಗೊಳಗಾಗಿದ್ದ ಗಣಿತಜ್ಞ ಅಲನ್ ಟ್ಯೂರಿಂಗ್ ಅವರಿಗೆ ಸತ್ತ ಮೇಲಾದರೂ ಕ್ಷಮಾದಾನ ಸಿಗಲಿ ಎಂದು ಬೆನ್ನುಹತ್ತಿದವರು ನೀವು, 2013ರ ಡಿಸೆಂಬರಿನಲ್ಲಿ ಅದು ಸಿಕ್ಕಿತು. ಬಿಡದೆ ಕಚ್ಚುವುದನ್ನು ನಿಮಗೆ ನಾನು ಹೇಳಿಕೊಡಬೇಕಿಲ್ಲ.

ನಿಮ್ಮ ಪುರಭವನದ ಕೂಗಳತೆಯಲ್ಲಿ ಸೇಂಟ್ ಪೀಟರ್ಸ್ ಮೈದಾನವಿತ್ತು. 1819ರ ಆಗಸ್ಟ್ 16ರಂದು ಸುಮಾರು ಅರವತ್ತು ಸಾವಿರ ಜನ ಅಲ್ಲಿ ಸೇರಿದ್ದರು. ಆಗ ಈ ಗಿರಣಿಗಳ ಊರಿಗೆ ಪಾರ್ಲಿಮೆಂಟಿನಲ್ಲಿ ತನ್ನದೆಂಬ ಒಬ್ಬ ಸದಸ್ಯನೂ ಇರಲಿಲ್ಲ. ನಮ್ಮ ಪರವಾಗಿ ಮಾತಾಡುವವರು ಬೇಕು ಎಂದದ್ದಕ್ಕೆ ಕುದುರೆ ಸವಾರರು ಕತ್ತಿ ಹಿರಿದು ನುಗ್ಗಿದರು. ಹೆಂಗಸರು, ಮಕ್ಕಳು ಸೇರಿ ಹದಿನೈದು ಜನರಾದರೂ ಸತ್ತರು, ನೂರಾರು ಜನ ಗಾಯಗೊಂಡರು. ಆ ಜಾಗದಲ್ಲಿ ಈಗ ಟ್ರಾಮ್ ಓಡುತ್ತದೆ. ಮೊನ್ನೆ ಶುಕ್ರವಾರ ಸಂಜೆ ಅಲ್ಲಿ ನಿಂತು, ಫೋನಿನಲ್ಲಿ ಫಲಿತಾಂಶ ನೋಡಿದೆ. 95, 1. ಮೊದಲು ನಗು ಬಂತು.

ಆಮೇಲೆ ಅಪ್ಪನ ನೆನಪಾಯಿತು. ಅಪ್ಪ ಗಿರಣಿಯಲ್ಲಿ ನೂಲುವ ಖಾತೆಯಲ್ಲಿದ್ದರು. ಪಂಪಾಪತಿಯವರು ಕಮ್ಯುನಿಸ್ಟ್ ಪಕ್ಷದಿಂದ ದಾವಣಗೆರೆಗೆ ಶಾಸಕರಾಗಿದ್ದ ಕಾಲ. ಅಪ್ಪನ ಓಟು ಕುಡುಗೋಲು ತೆನೆಗೆ. ವಿಧಾನಸಭೆಯಲ್ಲಿ ಆ ಪಕ್ಷದವರು ಬೆರಳೆಣಿಕೆ. "ಅಷ್ಟು ಜನರ ನಡುವೆ ಇವರು ಹೋಗಿ ಮಾಡೋದೇನಪ್ಪಾ?" ಎಂದು ಒಮ್ಮೆ ಕೇಳಿದ್ದೆ. ಅಪ್ಪ ಬೀಡಿ ಆರಿಸಿ, "ಮಾಡೋಕಲ್ಲ ಕಣೋ ಕಳ್ಸಿರೋದು, ಕೇಳೋಕೆ" ಎಂದರು.

ಈಗ ತಪ್ಪೊಪ್ಪಿಗೆ. ನನ್ನ ಮನೆ ಇರುವುದು ನಿಮ್ಮ ಪಕ್ಕದ ವಾರ್ಡಿನಲ್ಲಿ. ಓಟಿನ ಹಕ್ಕು ಸಿಕ್ಕಂದಿನಿಂದ ದಾರ ಕಟ್ಟಿದ ಪೆನ್ಸಿಲ್ ಹಿಡಿದು ಪ್ರತಿ ಸಲವೂ ಲೇಬರ್‌ಗೇ ಗುರುತು ಹಾಕಿದ್ದೇನೆ. ಗಿರಣಿ ಕಾರ್ಮಿಕನ ಮಗ ಇನ್ನೇನು ಮಾಡಿಯಾನು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಕಳೆದ ಗುರುವಾರವೂ ಹಾಗೇ ಮಾಡಿದೆ. ಅಪ್ಪನ ಬಣ್ಣ ಉಳಿಸಿಕೊಂಡೆ, ಅಪ್ಪನ ಲೆಕ್ಕ ಮರೆತೆ. ನಿಮ್ಮೆದುರು ಕೂತ 95ರಲ್ಲಿ ಒಂದು ನಾನು ಕಳಿಸಿದ್ದು.

ಹಾಗೆಂದು ನಿಮ್ಮ ಪಕ್ಷ ಸೇರುತ್ತೇನೆಂದು ಆಣೆಯೇನೂ ಮಾಡುತ್ತಿಲ್ಲ. ಬರುವ ವರ್ಷ ಮೇಯರ್ ಗಲಾಟೆ, ಪಾಲಿಕೆಗೆ ಮತ್ತೆ ಚುನಾವಣೆ 2018ಕ್ಕೆ. ಅಲ್ಲಿಯವರೆಗೆ ಒಂದು ಕೆಲಸ ಮಾಡಬಲ್ಲೆ. ಪಾಲಿಕೆ ಸಭೆಗೆ ಸಾರ್ವಜನಿಕರೂ ಬಂದು ಕೂರಬಹುದಂತೆ. ಮುಂದಿನ ಸಭೆಗೆ ರಜೆ ಹಾಕಿ ಬರುತ್ತೇನೆ. ನೀವು ಎದ್ದು ಗೊತ್ತುವಳಿ ಮಂಡಿಸಿ, ಅನುಮೋದಿಸುವವರು ಯಾರೆಂದು ಅಧ್ಯಕ್ಷರು ಸಭೆಯನ್ನು ನೋಡುವಾಗ, ಮೇಲೆ ಹಿಂದಿನ ಸಾಲಿನಲ್ಲಿ ಒಬ್ಬ ಎಡಗೈ ತೋರುಬೆರಳು ಎತ್ತಿದ್ದು ಕಂಡರೆ ಗಾಬರಿಯಾಗಬೇಡಿ. ಅದಕ್ಕೆ ಕಾನೂನಿನಲ್ಲಿ ಬೆಲೆಯಿಲ್ಲ. ಗಾಯವೂ ಆಗಿಲ್ಲ.

ಇಂತಿ,
ನಿಮಗೆ ಓಟು ಹಾಕದ,
ಒಬ್ಬ ದಾವಣಗೆರೆಯವನು