ರಿಪೋರ್ಟ್ ಬಂತಾ?

ಹೊರದೇಶದ ಲ್ಯಾಬುಗಳಲ್ಲಿ ದುಡಿಯುತ್ತಿರುವ ಕನ್ನಡದ ಸಂಶೋಧಕರಿಗೆ,

ಸೊರಬದ ಕಡೆಯ ನಮ್ಮ ಮನೆಗೆ ಒಮ್ಮೆ ಸಮೀಕ್ಷೆಯವರು ಬಂದು ಅಮ್ಮನ ರಕ್ತ ತೆಗೆದುಕೊಂಡು ಹೋದರು. ಅಮ್ಮ ಅವರಿಗೆ ಕಷಾಯ ಮಾಡಿಕೊಟ್ಟಿದ್ದಳು. ಆಮೇಲೆ ಪೋಸ್ಟಿನವ ಅಂಗಳಕ್ಕೆ ಬಂದಾಗಲೆಲ್ಲ ಅವಳದು ಒಂದೇ ಪ್ರಶ್ನೆ: "ನನ್ನ ರಿಪೋರ್ಟ್ ಬಂತಾ?" ಬರಲೇ ಇಲ್ಲ. ಇಂದು ನಿಮ್ಮಲ್ಲಿ ಎಷ್ಟೋ ಮಂದಿ ದೂರದ ಹಳ್ಳಿಗಳಿಂದ ಬಂದ ಅಂಥವೇ ಟ್ಯೂಬುಗಳ ಮುಚ್ಚಳ ತೆರೆಯುತ್ತೀರಿ. ಅದಕ್ಕೇ ಈ ಪತ್ರ.

ಆಫ್ರಿಕಾದ ದಕ್ಷಿಣ ಭಾಗದಲ್ಲಿರುವ ಸಾನ್ ಜನರ ವಿಷಯ ನೀವು ಓದಿರಬಹುದು. ಕಲಹಾರಿಯಲ್ಲಿ ದಿನಗಟ್ಟಲೆ ಬೇಟೆಗೆ ಅಲೆಯುವಾಗ ಹಸಿವು, ಬಾಯಾರಿಕೆ ತಡೆಯಲು ಅವರು ಹೂಡಿಯಾ ಗಿಡದ ದಂಟು ಜಗಿಯುತ್ತಿದ್ದರು. ದಕ್ಷಿಣ ಆಫ್ರಿಕಾದ ಸರ್ಕಾರಿ ಸಂಶೋಧನಾ ಮಂಡಳಿ 1990ರ ದಶಕದಲ್ಲಿ ಅದರ ಸಾರಕ್ಕೆ ಪೇಟೆಂಟ್ ಪಡೆಯಿತು. ತೂಕ ಇಳಿಸುವ ಔಷಧಿ ಮಾಡಲೆಂದು ಆ ಹಕ್ಕು ಬ್ರಿಟನ್ನಿನ ಫೈಟೋಫಾರ್ಮ್ ಕಂಪನಿಗೆ, ಅಲ್ಲಿಂದ ಫೈಜರ್‌ಗೆ ಹೋಯಿತು. ಗಿಡದ ಗುಣ ಕಂಡುಕೊಂಡವರನ್ನು ಮಾತ್ರ ಯಾರೂ ಕೇಳಲಿಲ್ಲ. ಗಲಾಟೆಯಾದ ಮೇಲೆ, 2003ರಲ್ಲಿ, ಮಂಡಳಿಗೆ ಬರುವ ರಾಯಲ್ಟಿಯಲ್ಲಿ ಶೇ. 6ರಷ್ಟನ್ನು ಸಾನ್ ಜನರಿಗೆ ಕೊಡುವ ಒಪ್ಪಂದವಾಯಿತು. ಅದೇ ವರ್ಷ ಫೈಜರ್ ಯೋಜನೆಯನ್ನೇ ಕೈಬಿಟ್ಟಿತು.

2010ರಲ್ಲಿ ನಮೀಬಿಯಾದ ನಾಲ್ವರು ಸಾನ್ ಹಿರಿಯರ ಜೀನೋಮ್ ವಿವರ 'ನೇಚರ್' ಪತ್ರಿಕೆಯಲ್ಲಿ ಬಂತು. ಹಿರಿಯರ ಒಪ್ಪಿಗೆ ಪಡೆದಿದ್ದೇವೆ ಎಂದರು ವಿಜ್ಞಾನಿಗಳು. ಇಡೀ ಕುಲದ ಗುಟ್ಟನ್ನು ನಾಲ್ವರಿಂದ ಕೇಳಿ ಪಡೆಯುವುದು ಹೇಗೆ, ನಮ್ಮ ಬಗ್ಗೆ ಹಗುರವಾಗಿ ಬರೆದದ್ದೇಕೆ ಎಂದರು ಸಾನ್ ನಾಯಕರು. ನನಗೆ ಅವರ ಪ್ರಶ್ನೆಯೇ ಸರಿ ಅನಿಸುತ್ತದೆ. ರಕ್ತ ಒಬ್ಬರದಾದರೂ ಅದರಲ್ಲಿರುವುದು ಅಜ್ಜ ಮುತ್ತಜ್ಜರದು, ಇನ್ನೂ ಹುಟ್ಟದ ಮೊಮ್ಮಕ್ಕಳದು.

ಸಿಟ್ಟು ಮಾಡಿಕೊಂಡು ಸಾನ್ ಜನ ಬಾಗಿಲು ಹಾಕಲಿಲ್ಲ. 2017ರಲ್ಲಿ ತಮ್ಮದೇ ಸಂಶೋಧನಾ ನೀತಿಸಂಹಿತೆ ಬರೆದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ, ಜೊತೆಗೆ ತಮ್ಮ ಮಂಡಳಿಗಳ ಮೂಲಕವೇ ಬರಬೇಕೆಂಬ ಕ್ರಮ: ಇಷ್ಟೇ ಅವರು ಕೇಳಿದ್ದು. ಇಂಥವೇ ಮೌಲ್ಯಗಳ ಮೇಲೆ ಮರುವರ್ಷ ಬಂದ ಜಾಗತಿಕ ನೀತಿಸಂಹಿತೆಯನ್ನು ಐರೋಪ್ಯ ಆಯೋಗವೂ ತನ್ನ ಅನುದಾನದ ಯೋಜನೆಗಳಿಗೆ ಆಧಾರವಾಗಿಟ್ಟುಕೊಂಡಿತು. ತಮ್ಮ ದೇಶದಲ್ಲಿ ಒಪ್ಪದ ಪ್ರಯೋಗವನ್ನು ಬಡ ದೇಶಕ್ಕೆ ಹೊತ್ತೊಯ್ದು ಮಾಡಬಾರದು ಎನ್ನುವುದೇ ಅದರ ಜೀವಾಳ.

ಇದೆಲ್ಲ ಕಾಗದದಲ್ಲಿ ಇದೆ. ಕಾಗದವನ್ನು ಹಳ್ಳಿಯವರೆಗೆ ಒಯ್ಯಬೇಕಾದವರು ನೀವು. ಸೂಜಿ ಚುಚ್ಚಿಸಿಕೊಂಡ ಮನೆಯೂ ನಿಮಗೆ ಗೊತ್ತು, ಟ್ಯೂಬಿಗೆ ಚೀಟಿ ಅಂಟಿಸುವ ಮೇಜೂ ಗೊತ್ತು. ಪ್ರೊಫೆಸರರ ಮುಂದೆ ಕಿರಿಯರು ಬಾಯಿ ತೆರೆಯುವುದು ಕಷ್ಟ, ವೀಸಾ ಅವರ ಸಹಿಯ ಮೇಲೆ ನಿಂತಿರುತ್ತದೆ, ಬಲ್ಲೆ. ಆದರೂ ಕೇಳಿ: ಹಳ್ಳಿಯಲ್ಲಿ ಮನೆ ಮನೆ ತಿರುಗಿದ ನರ್ಸಿನ, ದುಭಾಷಿಯ ಹೆಸರು ಲೇಖನದಲ್ಲಿ ಎಲ್ಲಿದೆ? ಫಲಿತಾಂಶವನ್ನು ರಕ್ತ ಕೊಟ್ಟವರ ಭಾಷೆಯಲ್ಲಿ ಹೇಳಿಬರಲು ಬಜೆಟ್ಟಿನಲ್ಲಿ ಹಣ ಇದೆಯೇ?

ನಿಮ್ಮ ಫ್ರೀಜರಿನಲ್ಲಿರುವ ಪೆಟ್ಟಿಗೆ ಯಾವ ಊರಿನದು, ನಿಮ್ಮ ತಂಡದವರು ಅಲ್ಲಿಗೆ ಮತ್ತೆ ಯಾವಾಗ ಹೋಗುತ್ತಾರೆ? ದಯವಿಟ್ಟು ಬರೆದು ತಿಳಿಸಿ. ಅಮ್ಮನಿಗೆ ಓದಿ ಹೇಳುತ್ತೇನೆ.

ಇತಿ,
ನಿಮ್ಮವ